ಕುಸ್ತಿ ಕಣದ ಸುತ್ತ 1500 ಜನ ಬೇಕು, ಇರೋದು 70. ಗಾಳಿ ಬೊಂಬೆ ಕೂರಿಸಿದ್ರೆ ನಡೆಯುತ್ತಾ?

ಗರಡಿಬೀದಿ_ಹುಡುಗ (ಮೈಸೂರು)
ಎಲ್ರಿಗೂ ನಮಸ್ಕಾರ. ನಾವು ಆರು ಜನ ಗೆಳೆಯರು ಕೈಯಿಂದ ದುಡ್ಡು ಹಾಕ್ಕೊಂಡು 40 ನಿಮಿಷದ ಸಿನಿಮಾ ಮಾಡ್ತಿದೀವಿ. 1970ರ ಸುಮಾರಿನ ಪೈಲ್ವಾನ್ ಒಬ್ಬನ ಕಥೆ. ಕೊನೇ ದೃಶ್ಯ ದಸರಾ ನಾಡಕುಸ್ತಿ. ಈಗ ಕುಸ್ತಿ ನಡೆಯೋ ದೇವರಾಜ ಅರಸು ಕ್ರೀಡಾಂಗಣವನ್ನ ಆ ಕಾಲದ್ದು ಅಂತ ತೋರಿಸೋಕೆ ಆಗಲ್ಲ. ಅದಕ್ಕೆ ಶ್ರೀರಂಗಪಟ್ಟಣದ ಕಡೆ ಒಂದು ಊರಲ್ಲಿ ಬಯಲಲ್ಲೇ ಮಟ್ಟಿ ಹಾಕಿ, ಸುತ್ತ ಐದು ಹಂತದ ಮರದ ಗ್ಯಾಲರಿ ಕಟ್ಟಿಸೋ ಯೋಚನೆ.

ತೊಂದರೆ ಜನದ್ದು. ಕುಸ್ತಿ ಅಂದ್ರೆ ಕಿಕ್ಕಿರಿದು ತುಂಬಿರಬೇಕು. ನಮ್ಮ ಬಜೆಟ್‌ಗೆ ಎರಡು ದಿನಕ್ಕೆ 70 ಜನ ಸಿಗ್ತಾರೆ, ಅಷ್ಟೇ. ಹೊರದೇಶದಲ್ಲಿ ಗಾಳಿ ತುಂಬೋ ಬೊಂಬೆ ಕೂರಿಸಿ ಕ್ರೀಡಾಂಗಣ ತುಂಬಿಸ್ತಾರೆ ಅಂತ ಕೇಳಿದೀನಿ. ನಮ್ಮ ಕಡೆ ಯಾರಾದ್ರೂ ಮಾಡಿದೀರಾ? ಕ್ಯಾಮೆರಾದಲ್ಲಿ ನಿಜ ಅನ್ಸುತ್ತಾ? ದಯವಿಟ್ಟು ತಿಳಿದವರು ಹೇಳಿ.

ಮಂಡ್ಯ_ಕಬ್ಬಿನಗದ್ದೆ
ಬೊಂಬೆ ಯಾಕಣ್ಣ, ಊರ್ ಜನನ ಕರೀರಿ. ಶೂಟಿಂಗ್ ಅಂದ್ರೆ ಸಾಕು, ಮಹದೇವಪುರದಲ್ಲಿ ದನ ಮೇಯಿಸೋರೂ ಬಂದು ನಿಂತ್ಕತಾರೆ.

ಎಡಿಟಿಂಗ್_ಟೇಬಲ್
ಬರ್ತಾರೆ ಅಣ್ಣ, ಆದ್ರೆ ಕುಸ್ತಿ ನೋಡಲ್ಲ, ಕ್ಯಾಮೆರಾ ನೋಡ್ತಾರೆ. ಕೈಯಲ್ಲಿ ಮೊಬೈಲು, ಮೈಮೇಲೆ ಈಗಿನ ಟೀ ಶರ್ಟು. 1970 ಅಂದ್ರೆ ಒಬ್ಬನ ಜೇಬಲ್ಲಿ ಮೊಬೈಲ್ ಮಿನುಗಿದ್ರೂ ಶಾಟ್ ಹೋಯ್ತು. ಅದೂ ಅಲ್ದೆ ಬೆಳಗ್ಗೆ 300 ಜನ ಇದ್ದೋರು ಊಟದ ಹೊತ್ತಿಗೆ 90 ಆಗ್ತಾರೆ. ಮಧ್ಯಾಹ್ನ ತೆಗೆದ ಶಾಟ್‌ಗೂ ಬೆಳಗ್ಗೆ ತೆಗೆದದ್ದಕ್ಕೂ ತಾಳೆ ಆಗಲ್ಲ. ಎಡಿಟಿಂಗ್‌ನಲ್ಲಿ ಕೂತು ನಾನು ಅನುಭವಿಸಿದೀನಿ.

ಹಳೇ_ಸಹಾಯಕ
ತಮ್ಮಾ, ಇದರ ಹಿನ್ನೆಲೆ ಸ್ವಲ್ಪ ಹೇಳ್ತೀನಿ, ನಿನಗೆ ಉಪಯೋಗಕ್ಕೆ ಬರುತ್ತೆ.

ಗಾಳಿ ಬೊಂಬೆ ಶುರುವಾಗಿದ್ದು ಅಮೆರಿಕಾದಲ್ಲಿ, 'ಸೀಬಿಸ್ಕಿಟ್' ಅನ್ನೋ ಕುದುರೆ ರೇಸಿನ ಸಿನಿಮಾಗೆ. ತೆರೆ ಕಂಡಿದ್ದು 2003ರಲ್ಲಿ, ಕೆಲಸ ನಡೆದದ್ದು 2002ರಲ್ಲಿ. ಕ್ಯಾಲಿಫೋರ್ನಿಯಾದ ಸಾಂಟಾ ಅನಿಟಾ ರೇಸ್ ಕೋರ್ಸಿನ ಗ್ಯಾಲರಿ ತುಂಬಿಸಬೇಕಿತ್ತು. ಅದಕ್ಕೂ ಮುಂಚೆ ರಟ್ಟಿನಲ್ಲಿ ಕತ್ತರಿಸಿದ ಆಳುಗಳನ್ನ ನಿಲ್ಲಿಸೋ ಪದ್ಧತಿ ಇತ್ತು. ರಟ್ಟಿನ ಕಷ್ಟ ಏನಂದ್ರೆ ನೇರ ಎದುರಿಂದ ಮಾತ್ರ ಆಳು, ಕ್ಯಾಮೆರಾ ನಾಲ್ಕು ಹೆಜ್ಜೆ ಪಕ್ಕಕ್ಕೆ ಹೋದ್ರೆ ಹಪ್ಪಳ. ಆ ಯೂನಿಟ್‌ನಲ್ಲಿದ್ದ ಜೋ ಬಿಗ್ಗಿನ್ಸ್ ಅನ್ನೋರು ಸೊಂಟದಿಂದ ಮೇಲಿನ ಬೊಂಬೆಗೆ ಗಾಳಿ ತುಂಬಿ, ಮುಖವಾಡ ಹಾಕಿ, ಟೋಪಿ ಬಟ್ಟೆ ತೊಡಿಸಿ ಸೀಟಿನ ಮೇಲೆ ಕೂರಿಸಿದ್ರು. ಆಮೇಲೆ ಅದನ್ನೇ ಒಂದು ಕಂಪನಿ ಮಾಡ್ಕೊಂಡ್ರು. 2010ರ 'ದಿ ಕಿಂಗ್ಸ್ ಸ್ಪೀಚ್' ಸಿನಿಮಾದ ಮೊದಲ ದೃಶ್ಯ ಇದೆಯಲ್ಲ, 1925ರಲ್ಲಿ ವೆಂಬ್ಲಿಯಲ್ಲಿ ರಾಜಕುಮಾರ ಮಾತಾಡೋಕೆ ತಡವರಿಸೋದು, ಅಲ್ಲೂ ಗ್ಯಾಲರಿಯಲ್ಲಿ ಇಂಥ ಬೊಂಬೆಗಳಿದ್ವು, ನಡುವೆ ಜೀವಂತ ಜನ.

ನೆನಪಿಡಬೇಕಾದ್ದು ಇದು: ಬರೀ ಬೊಂಬೆ ಇಟ್ಟು ಯಾರೂ ಗೆದ್ದಿಲ್ಲ. ಮುಂದಿನ ಸಾಲು, ಓಡಾಡೋ ದಾರಿ, ಮೂಲೆಗಳಲ್ಲಿ ನಿಜವಾದ ಜನ ಇರಬೇಕು. ಬೊಂಬೆ ಇರೋದು ಅವರ ಹಿಂದೆ, ಅವರ ಸಂದಿಯಲ್ಲಿ. ಒಬ್ಬ ಮನುಷ್ಯ ಎದ್ದು ಕೈ ಬೀಸಿದ್ರೆ ಅವನ ಅಕ್ಕಪಕ್ಕದ ಬೊಂಬೆಗೂ ಜೀವ ಬಂದ ಹಾಗೆ ಕಾಣುತ್ತೆ.

ಕಾವೇರಿ_ದಂಡೆ
'ಗಾಂಧಿ' ಸಿನಿಮಾಗೆ ಮೂರು ಲಕ್ಷ ಜನ ಸೇರಿದ್ರು, ಗೊತ್ತಾ? 1981ರ ಜನವರಿ 31, ದೆಹಲಿ. ಅಂತ್ಯಯಾತ್ರೆಯ ದೃಶ್ಯ. ಹೆಚ್ಚಿನವರು ತಾವಾಗೇ ಬಂದೋರು. ತೆರೆ ಮೇಲೆ ಬಂದಿದ್ದು ಎರಡು ನಿಮಿಷ. ಆ ಎರಡು ನಿಮಿಷ ನೋಡಿದ್ರೆ ಈಗ್ಲೂ ಮೈ ಜುಮ್ ಅನ್ನುತ್ತೆ. ಬೊಂಬೆಯಿಂದ ಅದು ಬರುತ್ತಾ ಹೇಳಿ.

ಗರಡಿಬೀದಿ_ಹುಡುಗ
ಅಣ್ಣ, ಅದು ಬರಲ್ಲ ಅಂತ ಒಪ್ತೀನಿ. ಆದ್ರೆ ನಮ್ಮ ಹತ್ರ ಇರೋದು 70 ಜನದ ಊಟದ ದುಡ್ಡು.

ಹೊಲಿಗೆ_ಯಂತ್ರ (ಮಂಡ್ಯ)
ನಾನು ನಾಟಕ, ಸೀರಿಯಲ್ಲು, ಸಣ್ಣ ಸಿನಿಮಾಗಳಿಗೆ ಬಟ್ಟೆ ನೋಡ್ಕೊಳ್ಳೋಳು. ಎಲ್ರೂ ಬೊಂಬೆ ಬೊಂಬೆ ಅಂತಿದೀರಿ, ಬಟ್ಟೆ ಬಗ್ಗೆ ಒಬ್ರೂ ಮಾತಾಡ್ಲಿಲ್ಲ. ತಮ್ಮಾ, 1400 ಬೊಂಬೆ ಅಂದ್ರೆ 1400 ಅಂಗಿ ಕಣಪ್ಪ. ಜೊತೆಗೆ ರುಮಾಲು, ಟೋಪಿ, ಅಲ್ಲೊಂದು ಇಲ್ಲೊಂದು ಟವಲು. ಬೊಂಬೆ ಬಾಡಿಗೆಗಿಂತ ಅದೇ ಜಾಸ್ತಿ ಆಗುತ್ತೆ.

ಒಂದು ದಾರಿ ಇದೆ. ಹಳೇ ಬಿಳಿ ಅಂಗಿ ತಗೊಂಡು ಬೆನ್ನು ಸೀಳಿ, ಎರಡು ಲಾಡಿ ಹೊಲೀಬೇಕು, ಆಸ್ಪತ್ರೆ ಗೌನ್ ಥರ. ಮುಂದಿನಿಂದ ತೊಡಿಸಿ ಹಿಂದೆ ಗಂಟು ಹಾಕಿದ್ರೆ ಆಯ್ತು. ಇಲ್ಲಾಂದ್ರೆ ಗಾಳಿ ತುಂಬಿದ ತೋಳನ್ನ ಅಂಗಿ ಕೈಯೊಳಗೆ ತೂರಿಸೋಷ್ಟರಲ್ಲಿ ಮಧ್ಯಾಹ್ನ ಆಗೋಗುತ್ತೆ. ಬಿಳಿ ಅಂದ್ರೆ ಸರ್ಫ್ ಬಿಳಿ ಬೇಡ. ಚಹಾಪುಡಿ ಕುದಿಸಿದ ನೀರಲ್ಲಿ ಒಂದಷ್ಟನ್ನ ಅದ್ದಿ ತೆಗೀರಿ, ಒಂದಷ್ಟನ್ನ ಹಾಗೇ ಬಿಡಿ, ನಾಲ್ಕಾರಕ್ಕೆ ನೀಲಿ ಜಾಸ್ತಿ ಹಾಕಿ. ಆಗ ಒಂದೊಂದು ಮನೆಯಲ್ಲಿ ಒಗೆದ ಬಟ್ಟೆ ಥರ ಕಾಣುತ್ತೆ.

ಪಿನ್ನು ಮಾತ್ರ ಹತ್ರಕ್ಕೂ ತರಬೇಡಿ!

ಎಡಿಟಿಂಗ್_ಟೇಬಲ್
ಬೆನ್ನು ಸೀಳೋ ಉಪಾಯ ಭಾಳ ಚೆನ್ನಾಗಿದೆ ಅಕ್ಕ.

ಕ್ರೌಡ್‌ನಲ್ಲಿ_ಒಬ್ಬ
ನನಗೆ ಇಡೀ ಚರ್ಚೆ ಓದಿ ಸಂಕಟ ಆಯ್ತು. ನಮ್ಮಮ್ಮ 14 ವರ್ಷ ಜೂನಿಯರ್ ಆರ್ಟಿಸ್ಟ್ ಆಗಿದ್ರು. ಬೆಳಗಿನ ಜಾವ 4ಕ್ಕೆ ವ್ಯಾನ್ ಹತ್ತೋರು, ರಾತ್ರಿ 10ಕ್ಕೆ ಇಳಿಯೋರು. ಜಾತ್ರೆ ಸೀನು, ಮದುವೆ ಸೀನು, ಹೆಣದ ಮುಂದೆ ಅಳೋ ಸೀನು. ಬರ್ತಿದ್ದ ಬಾಟಾದಲ್ಲಿ, ಅಂದ್ರೆ ದಿನದ ಭತ್ಯೆಯಲ್ಲಿ, ಏಜೆಂಟ್ ಒಬ್ಬ ಕಾಲು ಭಾಗ ಮುರ್ಕೊಳ್ಳೋನು, ಒಮ್ಮೊಮ್ಮೆ ಮೂರು ತಿಂಗಳು ಕಾಯಿಸೋನು. ಆ ದುಡ್ಡಲ್ಲೇ ನಾನು ಪಿಯುಸಿ ಮುಗಿಸಿದ್ದು.

ಈಗ ಬೊಂಬೆ ಬಂದ್ರೆ ಆ ವ್ಯಾನೂ ಬರಲ್ಲ. ಬೊಂಬೆಗೆ ಹಸಿವಾಗಲ್ಲ, ಬಿಸಿಲಾಗಲ್ಲ, ಬಾಟಾ ಕೇಳಲ್ಲ. ನಿಮಗೆ ಅದು ಅನುಕೂಲ. ನಮಗೆ ಅದು ಒಪ್ಪತ್ತಿನ ಊಟ.

ಲೆಕ್ಕದ_ಪುಸ್ತಕ
ನಿಮ್ಮ ನೋವು ಅರ್ಥ ಆಗುತ್ತೆ. ಆದ್ರೆ ಪ್ರೊಡಕ್ಷನ್ ನೋಡ್ಕೊಂಡ ಅನುಭವದಿಂದ ಹೇಳ್ತೀನಿ, ಈ ಹುಡುಗರು 1500 ಜನರನ್ನ ಯಾವತ್ತೂ ಕರೀತಿರಲಿಲ್ಲ. ಬೊಂಬೆ ಇಲ್ಲಾಂದ್ರೆ ದೃಶ್ಯವನ್ನೇ ಕಿತ್ತಾಕ್ತಾರೆ, ಆಗ ಆ 70 ಜನಕ್ಕೂ ಕೆಲಸ ಇಲ್ಲ. ಇಲ್ಲಿ ಬೊಂಬೆ ಯಾರ ಜಾಗಾನೂ ಕಿತ್ಕೊಳ್ತಿಲ್ಲ.

ಕ್ರೌಡ್‌ನಲ್ಲಿ_ಒಬ್ಬ
ಇವತ್ತು ಸಣ್ಣ ಸಿನಿಮಾದಲ್ಲಿ ಕಿತ್ಕೊಳ್ಳಲ್ಲ ಸಾರ್. ನಾಳೆ ಕೋಟಿಗಟ್ಟಲೆ ಹಾಕೋ ಸಿನಿಮಾದೋರೂ ಇದನ್ನೇ ಹಿಡೀತಾರೆ. ಆಗ ಏನು ಹೇಳ್ತೀರಿ?

ಹಳೇ_ಸಹಾಯಕ
ಕೋಟಿ ಹಾಕೋರು ಬೊಂಬೆ ತರಲ್ಲಪ್ಪ, ಕಂಪ್ಯೂಟರಲ್ಲೇ ಮಾಡ್ತಾರೆ. 'ಲಾರ್ಡ್ ಆಫ್ ದಿ ರಿಂಗ್ಸ್' ಯುದ್ಧಗಳಿಗೆ ಅಂತಲೇ ನ್ಯೂಜಿಲೆಂಡ್‌ನಲ್ಲಿ ಸ್ಟೀಫನ್ ರೆಜಿಲಸ್ ಅನ್ನೋರು 'ಮ್ಯಾಸಿವ್' ಅನ್ನೋ ಸಾಫ್ಟ್‌ವೇರ್ ಬರೆದ್ರು. ಅದರಲ್ಲಿ ಒಬ್ಬೊಬ್ಬ ಸೈನಿಕನೂ ತನ್ನ ಪಕ್ಕದವನನ್ನ ನೋಡಿ ತಾನೇ ನಡೆ ತೀರ್ಮಾನಿಸ್ತಾನೆ. ಅದು ಬಂದು 20 ವರ್ಷದ ಮೇಲಾಯ್ತು. ನಿಮ್ಮಮ್ಮನ ಕೆಲಸಕ್ಕೆ ಕುತ್ತು ಬಂದಿದ್ದು ಅಲ್ಲಿಂದ.

ಆದ್ರೂ ನೀನು ಹೇಳಿದ್ದರಲ್ಲಿ ಒಂದು ಮಾತು ನ್ಯಾಯ. ಬೊಂಬೆಯಿಂದ ಉಳಿಯೋ ದುಡ್ಡಲ್ಲಿ ಆ 70 ಜನಕ್ಕೆ ಅವತ್ತವತ್ತೇ ಕೈಗೆ ಪೇಮೆಂಟ್ ಕೊಡಬೇಕು. ಏಜೆಂಟ್ ಮೂಲಕ ಅಲ್ಲ, ನೇರ.

ಗರಡಿಬೀದಿ_ಹುಡುಗ
ಆ ಮಾತು ಕೊಡ್ತೀನಿ ಅಣ್ಣ. ಕೈಗೇ ಕೊಡ್ತೀವಿ, ಅವತ್ತೇ.

ಫೋಕಸ್_ಪುಲ್ಲರ್
ತಾಂತ್ರಿಕ ವಿಷಯಕ್ಕೆ ಬರೋಣ. ಬೊಂಬೆ ಕಾಣೋದು ಬಿಡೋದು ಲೆನ್ಸ್ ಮೇಲಿದೆ. 85 ಅಥವಾ 135 ಎಂಎಂ ಹಾಕಿ, ಅಪರ್ಚರ್ (ಲೆನ್ಸ್ ಒಳಗೆ ಬೆಳಕು ಬಿಡೋ ಕಿಂಡಿ) 2.8ರಲ್ಲಿಟ್ಟು ಪೈಲ್ವಾನರ ಮೇಲೆ ಫೋಕಸ್ ಇಟ್ರೆ, ಹಿಂದಿರೋದು ಬೊಂಬೆಯೋ ಭೀಮನೋ ಗೊತ್ತಾಗಲ್ಲ. ಬರೀ ಬಣ್ಣದ ತಲೆಗಳು. ಹಾಗೇ 24 ಎಂಎಂನಲ್ಲಿ ದೂರದಿಂದ ಇಡೀ ಕಣ ತೆಗೆದ್ರೂ ಮುಖ ಸಾಸಿವೆ ಗಾತ್ರ ಆಗುತ್ತೆ, ಬಚಾವ್. ಸಿಕ್ಕಿಹಾಕ್ಕೊಳ್ಳೋದು ನಡುವೆ: 35, 50 ಎಂಎಂನಲ್ಲಿ ಅಪರ್ಚರ್ 8 ಇಟ್ಟು ತೆಗೆದ್ರೆ ಒಂದೊಂದು ಮುಖಾನೂ ಓದಬಹುದು. ಅಲ್ಲಿ ಬೊಂಬೆ ಬೇಡವೇ ಬೇಡ.

ಇನ್ನೊಂದು, ಪ್ಲಾಸ್ಟಿಕ್ ಮುಖ ಬಿಸಿಲಿಗೆ ಹೊಳೆಯುತ್ತೆ. ಮುಖದ ಮೇಲೆ ತೆಳ್ಳಗೆ ಟಾಲ್ಕಮ್ ಪೌಡರ್ ಒತ್ತಿ, ಇಲ್ಲಾ ರುಮಾಲನ್ನ ಹಣೆ ಮೇಲೆ ಇಳಿಸಿ ಕಟ್ಟಿ ನೆರಳು ಬೀಳಿಸಿ. ಡ್ರೋನ್ ಹಾರಿಸೋ ಆಸೆ ಇದ್ರೆ ಮರ್ತುಬಿಡಿ. ಮೇಲಿಂದ ನೋಡಿದ್ರೆ ಕಾಲೇ ಇಲ್ಲದ ಜನ.

ಇನ್ನು 1500 ಯಾಕೆ ಬೇಕು ನಿಮಗೆ? ಕಣದ ಒಂದೇ ಪಕ್ಕಕ್ಕೆ ಗ್ಯಾಲರಿ ಕಟ್ಟಿ, ಉತ್ತರದ ಕಡೆ. ಎದುರು ದಿಕ್ಕಿನ ಶಾಟ್ ಬೇಕಾದಾಗ ಕ್ಯಾಮೆರಾ ತಿರುಗಿಸಬೇಡಿ, ಪೈಲ್ವಾನರನ್ನ ತಿರುಗಿಸಿ. ಅದೇ ಗ್ಯಾಲರಿ ಎದುರಿನ ಗ್ಯಾಲರಿ ಆಗುತ್ತೆ. ಜನರನ್ನೂ ರುಮಾಲುಗಳನ್ನೂ ಅದಲು ಬದಲು ಮಾಡಿ. ಬೆಳಗ್ಗೆ ಉತ್ತರಕ್ಕೆ ನೋಡಿದ್ರೆ ಸೂರ್ಯ ಬಲಗಡೆ. ನಿಜವಾಗಿ ತಿರುಗಿ ದಕ್ಷಿಣಕ್ಕೆ ನೋಡಿದ್ರೆ ಎಡಗಡೆ ಇರಬೇಕಲ್ವಾ? ಅದಕ್ಕೆ ಆ ಎದುರು ಶಾಟ್‌ಗಳನ್ನೆಲ್ಲ ಸಂಜೆ ಇಟ್ಕೊಳ್ಳಿ, ಬಿಸಿಲು ತಾನೇ ಎಡಕ್ಕೆ ಬಂದಿರುತ್ತೆ. 1500 ಹೋಗಿ 300ರಲ್ಲಿ ಮುಗೀತು.

ಗರಡಿಬೀದಿ_ಹುಡುಗ
ಅಣ್ಣಾ! ಇದು ನಮ್ಮ ತಲೆಗೇ ಹೊಳೆದಿರಲಿಲ್ಲ. 300 ಅಂದ್ರೆ ಬಡಗಿ ಖರ್ಚೂ ಇಳಿಯುತ್ತೆ.

ಪಿಕ್ಸೆಲ್_ಪಾಪಣ್ಣ
ಹಾಗಾದ್ರೆ ಬೊಂಬೆಯೂ ಬೇಡ, ಟೈಲಿಂಗ್ ಮಾಡಿ. ಕ್ಯಾಮೆರಾನ ಟ್ರೈಪಾಡ್ ಮೇಲೆ ಬಿಗಿ ಮಾಡಿ, ಎಕ್ಸ್‌ಪೋಷರ್, ವೈಟ್ ಬ್ಯಾಲೆನ್ಸ್, ಫೋಕಸ್ ಎಲ್ಲಾ ಮ್ಯಾನ್ಯುಯಲ್‌ಗೆ ಹಾಕಿ. 70 ಜನರನ್ನ ಎಡ ಭಾಗದಲ್ಲಿ ಕೂರಿಸಿ ಒಂದು ನಿಮಿಷ ತೆಗೀರಿ. ಎಬ್ಬಿಸಿ ಪಕ್ಕದ ಭಾಗಕ್ಕೆ ಕೂರಿಸಿ, ಟವಲ್ ಬದಲಾಯಿಸಿ, ಮತ್ತೆ ತೆಗೀರಿ. ಐದು ಸಲದಲ್ಲಿ 300ಕ್ಕೂ ಹೆಚ್ಚು. ಆಮೇಲೆ ಎಲ್ಲಾ ಜೋಡಿಸೋದು. ಎಲ್ರೂ ನಿಜವಾದ ಜನ, ಎಲ್ರೂ ಅಲ್ಲಾಡ್ತಾರೆ.

ಎಡಿಟಿಂಗ್_ಟೇಬಲ್
ಕ್ಯಾಮೆರಾ ಅಲ್ಲಾಡದ ಎರಡು ಮೂರು ಶಾಟ್‌ಗೆ ಸರಿ. ಕುಸ್ತಿ ಹಿಡಿಯೋವಾಗ ಕ್ಯಾಮೆರಾ ಕೈಯಲ್ಲಿರುತ್ತೆ, ಪೈಲ್ವಾನರ ಸುತ್ತ ಸುತ್ತುತ್ತೆ. ಅಲ್ಲಿ ಜೋಡಿಸೋಕೆ ಹೋದ್ರೆ ಒಂದೊಂದು ಶಾಟ್‌ಗೂ ವಾರ ಹಿಡಿಯುತ್ತೆ. ಬೊಂಬೆಯ ದೊಡ್ಡ ಗುಣ ಅದೇ ಅಲ್ವಾ, ಅದು ಅಲ್ಲೇ ಕೂತಿರುತ್ತೆ, ಕ್ಯಾಮೆರಾ ಎತ್ತ ಬೇಕಾದ್ರೂ ಓಡಲಿ.

ಪಿಕ್ಸೆಲ್_ಪಾಪಣ್ಣ
ಒಪ್ಪಿದೆ. ದೂರದ ಶಾಟ್ ಟೈಲಿಂಗ್, ಹತ್ತಿರದ್ದು ಬೊಂಬೆ.

ಪಟ್ಟದ_ಬೊಂಬೆ (ಮೈಸೂರು)
ನನ್ನದು ಸಿನಿಮಾ ಕ್ಷೇತ್ರ ಅಲ್ಲ, ಗೃಹಿಣಿ. ಆದ್ರೆ 30 ವರ್ಷದಿಂದ ನವರಾತ್ರಿಗೆ ಮನೆಯಲ್ಲಿ ಬೊಂಬೆ ಕೂರಿಸ್ತೀನಿ. ನಿಮ್ಮ ಗ್ಯಾಲರಿ ಅಂದ ಕೂಡ್ಲೇ ನನಗೆ ನಮ್ಮ ಹಂತಗಳೇ ಕಣ್ಣಿಗೆ ಬಂದ್ವು. ಎಲ್ಲಾ ಬೊಂಬೆನೂ ನೇರ ನೋಡೋ ಹಾಗಿಟ್ರೆ ಅಂಗಡಿ ಶೆಲ್ಫ್ ಥರ ಕಾಣುತ್ತೆ. ಎರಡನ್ನ ಒಂದಕ್ಕೊಂದು ವಾಲಿಸಿ ಮಾತಾಡೋ ಹಾಗಿಡಿ, ಒಂದು ತಲೆ ಬಗ್ಗಿಸಿರಲಿ, ಒಂದು ಹಿಂದೆ ತಿರುಗಿರಲಿ, ಅಲ್ಲಲ್ಲಿ ಖಾಲಿ ಜಾಗ ಬಿಡಿ. ಖಾಲಿ ಬಿಟ್ಟ ಜಾಗದಲ್ಲಿ ಒಂದು ಚಪ್ಪಲಿ ಜೊತೆ, ಒಂದು ಚೀಲ ಇಡಿ. ಯಾರೋ ಎದ್ದು ಹೋಗಿದಾರೆ ಅನ್ಸುತ್ತೆ.

ಹಳೇ_ಸಹಾಯಕ
ಅಮ್ಮಾ, ಆ ಚಪ್ಪಲಿ ಮಾತು ದೊಡ್ಡ ಕಲಾ ನಿರ್ದೇಶಕರು ಹೇಳೋ ಮಾತು. ಬೊಂಬೆಯಲ್ಲಿ ಜನ ತೋರಿಸೋದು ಹೊಸದೂ ಅಲ್ಲ. 1925ರ ಮೂಕಿ ಚಿತ್ರ 'ಬೆನ್ ಹರ್'ನ ರಥದ ಓಟದಲ್ಲಿ ಕೆಳಗಿನ ಹಂತ ನಿಜವಾದ ಸೆಟ್ಟು. ಮೇಲಿನ ಹಂತಗಳು ಕ್ಯಾಮೆರಾ ಹತ್ತಿರ ತೂಗುಹಾಕಿದ ಪುಟ್ಟ ಮಾದರಿ. ಅದರೊಳಗೆ ಎದ್ದು ಕೂರೋ ಸಾವಿರಾರು ಪುಟಾಣಿ ಬೊಂಬೆಗಳು.

ಮಂಡ್ಯ_ಕಬ್ಬಿನಗದ್ದೆ
ನಮ್ ಹೊಲದಲ್ಲಿ ಬೆರ್ಚಪ್ಪ ನಿಲ್ಲಿಸ್ತೀವಲ್ಲ, ಅದೂ ಇದೇಯ. ಹಕ್ಕಿ ಮೂರು ದಿನ ನಂಬ್ತವೆ. ನಾಕನೇ ದಿನ ತಲೆ ಮ್ಯಾಲೇ ಕೂತ್ಕತವೆ. ಜಾಗ ಬದಲಾಯಿಸ್ತಾ ಇರಬೇಕು, ಅಂಗಿ ಗಾಳಿಗೆ ಅಲ್ಲಾಡ್ತಾ ಇರಬೇಕು. ಅಲ್ಲಾಡದೇ ಇದ್ರೆ ಹಕ್ಕೀನೇ ನಂಬಕ್ಕಿಲ್ಲ, ಜನ ನಂಬ್ತಾರಾ?

ಫೋಕಸ್_ಪುಲ್ಲರ್
ಸರಿಯಾಗಿ ಹೇಳಿದ್ರಿ. ಹಿಂದಿನ ಸಾಲಿನ ಬೊಂಬೆಗಳ ಸೊಂಟಕ್ಕೆ ಒಂದೇ ಹಗ್ಗ ಪೋಣಿಸಿ, ಮೂಲೆಯಲ್ಲಿ ಒಬ್ಬ ಹುಡುಗ ಕೂತು ಮೆಲ್ಲಗೆ ಎಳೆದು ಬಿಡ್ತಿರಲಿ.

ವಿಜ್ಞಾನದ_ಮೇಷ್ಟ್ರು
ಮಕ್ಕಳೇ, ಗಾಳಿ ಬಗ್ಗೆ ಒಂದು ಎಚ್ಚರಿಕೆ. ಬೆಳಗ್ಗೆ 20 ಡಿಗ್ರಿಯಲ್ಲಿ ಬಿಗಿಯಾಗಿ ತುಂಬಿದ ಗಾಳಿ ಮಧ್ಯಾಹ್ನ ಬಿಸಿಲಲ್ಲಿ 45 ಡಿಗ್ರಿಗೆ ಕಾದ್ರೆ ನೂರಕ್ಕೆ ಎಂಟರಷ್ಟು ಹಿಗ್ಗೋಕೆ ನೋಡುತ್ತೆ. ಬೊಂಬೆಗೆ ಹಿಗ್ಗೋಕೆ ಜಾಗ ಇಲ್ಲಾಂದ್ರೆ ಅಂಟು ಬಿಡುತ್ತೆ. ಆದ್ದರಿಂದ ಬೆಳಗ್ಗೆ ಸ್ವಲ್ಪ ಮೆತ್ತಗೆ ತುಂಬಿ. ಸಂಜೆ ತಣ್ಣಗಾದ ಮೇಲೆ ಮತ್ತೆ ಸೊರಗುತ್ತೆ, ಆಗ ತುಂಬ್ಕೊಳ್ಳಿ.

ಹೆಬ್ಬಾಳ_ವೈರಿಂಗ್
ಮೇಷ್ಟ್ರು ಗಾಳಿ ಹೇಳಿದ್ರು, ನಾನು ಬೆಂಕಿ ಹೇಳ್ತೀನಿ. ನಮ್ಮ ಮೈಸೂರಲ್ಲಿ 1989ರ ಫೆಬ್ರವರಿ 8ರಂದು ಟಿಪ್ಪು ಧಾರಾವಾಹಿಯ ಸೆಟ್‌ನಲ್ಲಿ ಬೆಂಕಿ ಬಿದ್ದು 62 ಜನ ಸತ್ತರು. ನಮ್ಮಪ್ಪ ಅವತ್ತಿನ ಹೊಗೆ ನೆನೆಸ್ಕೊಂಡ್ರೆ ಈಗ್ಲೂ ಮಾತು ನಿಲ್ಲಿಸ್ತಾರೆ. ನಿಮ್ಮದು ಬಯಲು, ಒಳ್ಳೇದು. ಆದ್ರೂ 200 ಪಿವಿಸಿ ಬೊಂಬೆ, ಒಣ ಮರದ ಹಲಗೆ, ಹಳೇ ಬಟ್ಟೆ, ನಡುವೆ 70 ಜನ. ಪಿವಿಸಿ ಸುಟ್ರೆ ಬರೋ ಹೊಗೆಯಲ್ಲಿ ಆಮ್ಲ ಇರುತ್ತೆ, ಶ್ವಾಸಕೋಶ ಸುಟ್ಟುಬಿಡುತ್ತೆ.

ಜನರೇಟರ್ ದೂರ ಇಡಿ. ಗ್ಯಾಲರಿ ಕೆಳಗೆ ವೈರ್ ಎಳೀಬೇಡಿ. ಒಬ್ರೂ ಬೀಡಿ ಹಚ್ಚೋ ಹಾಗಿಲ್ಲ. ಗ್ಯಾಲರಿಗೆ ಎರಡು ಕಡೆ ಇಳಿಯೋ ಮೆಟ್ಟಿಲಿರಲಿ, ಬೊಂಬೆ ಕೂರಿಸೋ ಭರದಲ್ಲಿ ಆ ದಾರಿ ಮುಚ್ಚಬೇಡಿ. ಮರಳು, ನೀರು, ಬೆಂಕಿ ನಂದಿಸೋ ಸಿಲಿಂಡರ್ ಕೈಗೆಟುಕೋ ಹಾಗಿರಲಿ. ಇದಕ್ಕೆ ಖರ್ಚು ಉಳಿಸಬೇಡಿ, ಕೈ ಮುಗೀತೀನಿ.

ಗರಡಿಬೀದಿ_ಹುಡುಗ
ಖಂಡಿತ ಮಾಡ್ತೀವಿ ಅಣ್ಣ. ಬರೆದು ಗೋಡೆಗೆ ಅಂಟಿಸಿದೀನಿ.

ಸುದ್ದಿಮನೆ_ಫೋಟೋ
ಸಿನಿಮಾಗೆ ಸರಿ. ಆದ್ರೆ ಇದೇ ಬೊಂಬೆಯನ್ನ ಸಭೆ ಸಮಾರಂಭದ ಫೋಟೋಗೂ ಬಳಸಿದ್ರೆ? ಖಾಲಿ ಕುರ್ಚಿ ಮುಚ್ಚಿಸಿ, ಜನಸಾಗರ ಅಂತ ಬರೆಸೋರಿಗೆ ಇದು ಕೈಗೆ ಸಿಕ್ಕ ಆಯುಧ.

ಮದ್ದೂರು_ಇತಿಹಾಸ
ನನಗೂ ಅದೇ ಚಿಂತೆ. ಶಿವಪುರ ಧ್ವಜ ಸತ್ಯಾಗ್ರಹದ ಮೇಲೆ ಸಾಕ್ಷ್ಯಚಿತ್ರ ಮಾಡೋ ಆಸೆ ಇದೆ. 1938ರ ಏಪ್ರಿಲ್‌ನಲ್ಲಿ ಅಷ್ಟೊಂದು ಜನ ಸೇರಿದ ಜಾಗ ಅದು, ನಮ್ಮ ತಾತನೂ ಅಲ್ಲಿದ್ರು. ಆ ಜನರ ಜಾಗದಲ್ಲಿ ಬೊಂಬೆ ಕೂರಿಸಿ ತೋರಿಸೋಕೆ ನನಗೆ ಮನಸ್ಸು ಒಪ್ಪಲ್ಲ. ಮಾಡಿದ್ರೂ 'ಇದು ಮರುಸೃಷ್ಟಿ' ಅಂತ ಆ ದೃಶ್ಯದ ಮೇಲೇ ಬರೀಬೇಕು. ಕೊನೆಯಲ್ಲಿ ಓಡೋ ಅಕ್ಷರದಲ್ಲಿ ಅಲ್ಲ. ಕಥೆ ಅಂತ ಗೊತ್ತಿದ್ದು ನೋಡೋರಿಗೆ ಬೊಂಬೆ ತೋರಿಸಿದ್ರೆ ಮೋಸ ಇಲ್ಲ, ನಡೆದದ್ದು ಅಂತ ನಂಬಿ ನೋಡೋರಿಗೆ ತೋರಿಸಿದ್ರೆ ಮೋಸ.

ಸುದ್ದಿಮನೆ_ಫೋಟೋ
ಅಷ್ಟೇ ಸರ್ ನಾನೂ ಹೇಳಿದ್ದು.

ಕ್ರಿಕೆಟ್_ಕೇಶವ
2020ರಲ್ಲಿ ಐಪಿಎಲ್ ಯುಎಇಯಲ್ಲಿ ನಡೆದಾಗ ಖಾಲಿ ಗ್ಯಾಲರಿಗೆ ರೆಕಾರ್ಡ್ ಮಾಡಿದ ಜನರ ಕೂಗು ಹಾಕ್ತಿದ್ರು ನೆನಪಿದೆಯಾ? ಅದೇ ವರ್ಷ ಅಮೆರಿಕಾದ ಬೇಸ್‌ಬಾಲ್ ಮೈದಾನಗಳಲ್ಲಿ ಅಭಿಮಾನಿಗಳ ಫೋಟೋ ಅಂಟಿಸಿದ ರಟ್ಟು ಕೂರಿಸಿದ್ರು. ರಟ್ಟಿಗಿಂತ ಆ ಕೂಗೇ ನನಗೆ ಪಂದ್ಯ ಅನ್ನಿಸಿದ್ದು.

ಶಬ್ದಗ್ರಾಹಿ
ಇದೇ ಮುಖ್ಯ, ಯಾರೂ ಮುಟ್ಟಿರಲಿಲ್ಲ. ಕಣ್ಣಿಗೆ ಅನುಮಾನ ಬರೋದು ಕಿವಿಗೆ ಖಾಲಿ ಅನ್ನಿಸಿದಾಗ. ಶೂಟಿಂಗ್ ಮುಗಿದ ಮೇಲೆ 70 ಜನರನ್ನೂ ಅರ್ಧ ಗಂಟೆ ನಿಲ್ಲಿಸ್ಕೊಳ್ಳಿ. ಕೂಗು, ಸಿಳ್ಳೆ, 'ಹಿಡಿ ಹಿಡಿ', ಸೋತಾಗ ಬರೋ 'ಛೇ', ಎಲ್ಲಾ ಬೇರೆ ಬೇರೆ ತಗೊಳ್ಳಿ. ಒಂದು ಸಲ ಮೈಕ್ ಹತ್ತಿರ, ಒಂದು ಸಲ 50 ಅಡಿ ದೂರ, ಒಂದು ಸಲ ಬೆನ್ನು ತಿರುಗಿಸಿ ನಿಂತು. ಇವನ್ನ ಒಂದರ ಮೇಲೊಂದು ಹಾಸಿದ್ರೆ ಸಾವಿರ ಜನ ಸಿಗ್ತಾರೆ. ಪಟ್ಟು ಬೀಳೋ ಮುಂಚಿನ ಮೌನಾನೂ ರೆಕಾರ್ಡ್ ಮಾಡಿ. 70 ಜನ ಉಸಿರು ಹಿಡಿದು ಕೂತ ಮೌನ ಬೇರೆ, ಖಾಲಿ ಬಯಲಿನ ಮೌನ ಬೇರೆ.

ಗರಡಿಬೀದಿ_ಹುಡುಗ
ಹನ್ನೆರಡು ದಿನ ಆಯ್ತು, ಪರೀಕ್ಷೆ ಮಾಡಿದ್ದು ಹೇಳ್ಬೇಕಿತ್ತು. ಭಾನುವಾರ 12 ಬೊಂಬೆ ತರಿಸಿ, ನಾಲ್ಕು ಜನ ನಿಂತು ಗರಡಿ ಹಿಂದಿನ ಕಟ್ಟೆ ಮೇಲೆ ಕೂರಿಸಿದ್ವಿ. ಬ್ಲೋವರ್‌ನಲ್ಲಿ ಗಾಳಿ ತುಂಬೋದು ನಿಮಿಷದ ಕೆಲಸ. ಮುಖ ಕಟ್ಟಿ, ಬೆನ್ನು ಸೀಳಿದ ಅಂಗಿ ತೊಡಿಸಿ, ರುಮಾಲು ಸುತ್ತೋಕೆ ಒಂದೊಂದಕ್ಕೆ ಐದು ನಿಮಿಷ ಹಿಡೀತು. ಒಂದಕ್ಕೆ ಕಟ್ಟೆಯಲ್ಲಿದ್ದ ಹಳೇ ಮೊಳೆ ಚುಚ್ಚಿ, ಅದು ಹತ್ತು ನಿಮಿಷದಲ್ಲಿ ಮೆಲ್ಲಗೆ ತಲೆ ತಗ್ಗಿಸ್ತಾ ಪಕ್ಕದ ಬೊಂಬೆ ಹೆಗಲಿಗೆ ಒರಗ್ತು. ಅದನ್ನ ಹಾಗೇ ಬಿಟ್ಟು ತೆಗೆದ್ವಿ. ಕ್ಯಾಮೆರಾದಲ್ಲಿ ನೋಡಿದ್ರೆ ಅಷ್ಟರಲ್ಲೂ ಅದೇ ಒಂದು ನಿಜವಾದ ಮನುಷ್ಯನ ಹಾಗಿತ್ತು, ಬೆಳಗ್ಗೆಯಿಂದ ಕೂತು ದಣಿದ ಮುದುಕ.

ಆಮೇಲೆ ನಮ್ಮ ಗರಡಿಯ ಉಸ್ತಾದರು ಬಂದ್ರು, 74 ವರ್ಷ. ಬೊಂಬೆಗಳ ನಡುವೆ ಹೋಗಿ ಕೂತು, ಹುಡುಗರು ಪಟ್ಟು ಹಾಕೋವಾಗ ತಾವೂ ಹೆಗಲು ತಿರುಗಿಸಿದ್ರು. ತಿಳಿದು ಮಾಡಿದ್ದಲ್ಲ, ಮೈ ತಾನೇ ತಿರುಗಿದ್ದು. ಆ ಶಾಟ್ ನೋಡಿ ಎಲ್ರೂ ಸುಮ್ನಾದ್ವಿ. ಕುಸ್ತಿ ಗೊತ್ತಿರೋನ ಹೆಗಲು ಬೊಂಬೆಗೆ ಬರಲ್ಲ, ದುಡ್ಡು ಕೊಟ್ಟು ಕರೆಸಿದ ಎಲ್ರಿಗೂ ಬರಲ್ಲ.

ಅದಕ್ಕೆ ತೀರ್ಮಾನ ಇದು. ಗ್ಯಾಲರಿ 300ಕ್ಕೆ. ಹಿಂದಿನ ಮೂರು ಹಂತಕ್ಕೆ 180 ಬೊಂಬೆ. ಮುಂದಿನ ಎರಡು ಹಂತಕ್ಕೆ ಜನ, ಅವರಲ್ಲಿ 30 ಮಂದಿ ಮೈಸೂರು, ಮಂಡ್ಯ ಗರಡಿಗಳ ಹಳೇ ಪೈಲ್ವಾನರು, 40 ಮಂದಿ ಜೂನಿಯರ್ ಆರ್ಟಿಸ್ಟ್. ಆ ಎರಡು ಹಂತದಲ್ಲಿ ಇನ್ನೂ 50 ಜಾಗ ಉಳಿಯುತ್ತೆ. ಒಂದಷ್ಟು ಚಪ್ಪಲಿ, ಚೀಲಕ್ಕೆ, ಉಳಿದದ್ದಕ್ಕೆ ಯಾರಾದ್ರೂ ಬರೋ ಹಾಗಿದ್ರೆ ಹೇಳಿ. ಊಟ, ಬಾಟಾ ಎರಡೂ ಇದೆ.

ಕ್ರೌಡ್‌ನಲ್ಲಿ_ಒಬ್ಬ
ಆ 40ರಲ್ಲಿ ಹೆಂಗಸರಿಗೆ ಜಾಗ ಇದೆಯಾ? ಆ ಕಾಲದಲ್ಲಿ ಕುಸ್ತಿ ನೋಡೋಕೆ ಹೆಂಗಸರು ಬರ್ತಿದ್ರಾ ಗೊತ್ತಿಲ್ಲ. ಅಮ್ಮನಿಗೆ ಈಗ 61. ಕೇಳಿದೆ, ಬರ್ತೀನಿ ಅಂದ್ರು.

ಗರಡಿಬೀದಿ_ಹುಡುಗ
ಪೈಲ್ವಾನನ ತಾಯಿ ಗ್ಯಾಲರಿ ಪಕ್ಕದಲ್ಲಿ ನಿಂತು ನೋಡೋ ಶಾಟ್ ಒಂದಿದೆ, ಅವರ ಜೊತೆ ನೆರೆಮನೆಯೋರು ಮೂವರು ಬೇಕು. ಅಮ್ಮನ್ನ ಕರ್ಕೊಂಡು ಬನ್ನಿ. ವ್ಯಾನ್ ಬೆಳಗ್ಗೆ 6ಕ್ಕೆ, 4ಕ್ಕಲ್ಲ.

ಹೊಲಿಗೆ_ಯಂತ್ರ (ಮಂಡ್ಯ)
ಅಮ್ಮನ ಸೀರೆ ನನ್ನ ಜವಾಬ್ದಾರಿ. ಅಳತೆಗೆ ಒಂದು ಹಳೇ ರವಿಕೆ ಕಳ್ಸಿ ತಮ್ಮಾ.